ಮೊದಲು ಬ್ರೇಕು, ಆಮೇಲೆ ಟಯರು

ಪ್ರೀತಿಯ ಗೆಳೆಯಾ,

ನೀನು ಕಳಿಸಿದ ಫೋಟೋಗಳನ್ನು ನಿನ್ನೆ ರಾತ್ರಿ ಊಟ ಆರುವವರೆಗೂ ನೋಡುತ್ತಾ ಕುಳಿತಿದ್ದೆ. 1994ರ ಮಹೀಂದ್ರ ಎಂಎಂ 540. ಬಾಡಿಯಲ್ಲಿ ತೇಪೆ ಕಡಿಮೆ, ಬಾನೆಟ್ಟಿನ ಕೆಳಗೆ ಈಗಲೂ ಅದೇ 2.1 ಲೀಟರಿನ ಪೂಜೋ ಡೀಸೆಲ್ ಇಂಜಿನ್. ನಮ್ಮ ಸಕಲೇಶಪುರದ ಕಡೆಯ ತೋಟಗಳಲ್ಲಿ ಇಂಥ ಎಷ್ಟೋ ಜೀಪುಗಳು ಬೇರೆ ಇಂಜಿನ್ ಕೂರಿಸಿಕೊಂಡು, ಷಾಸಿಗೆ ಬೆಸುಗೆಯ ಮೇಲೆ ಬೆಸುಗೆ ಬಿದ್ದು, ಕಡೆಗೆ ಗುಜರಿ ಸೇರಿದವು. ಒಂದಾದರೂ ಇದ್ದ ಹಾಗೆಯೇ ಉಳಿದು ನಿನ್ನ ಕೈ ಸೇರಿತಲ್ಲ, ಅದೇ ಸಂತೋಷ.

ಆದರೆ ಫೋಟೋದ ಜೊತೆಗೆ ಬಂದ, ನೀನು ಜೀಪಿಗೆ ಮಾಡಿಸಬೇಕೆಂದಿರುವ ಕೆಲಸಗಳ ಪಟ್ಟಿಯನ್ನು ಓದಿದ ಮೇಲೆ ಈ ಪತ್ರ ಬರೆಯದೆ ಇರಲಾಗಲಿಲ್ಲ. 31 ಇಂಚಿನ ಟಯರು, ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊ, ಮುಂದೆ ಕಬ್ಬಿಣದ ಗಾರ್ಡು, ಮೇಲೆ ಸಾಲು ದೀಪ, ಮಿಲಿಟರಿ ಹಸಿರು ಬಣ್ಣ. ಎರಡು ಸಲ ಹುಡುಕಿದೆ. ಪಟ್ಟಿಯಲ್ಲಿ ಬ್ರೇಕಿನ ಮಾತೇ ಇಲ್ಲ.

ಅಪ್ಪನ ಜೀಪು ನನ್ನ ಕೈಗೆ ಬಂದ ಮೊದಲ ಮಳೆಗಾಲದ ಸಂಗತಿ ನಿನಗೆ ಹೇಳಿಲ್ಲ. ಜುಲೈ ತಿಂಗಳು, ಎರಡು ಮೂಟೆ ಗೊಬ್ಬರ ಹಾಕಿಕೊಂಡು ತೋಟದ ಕೆಳಗಿನ ಹಳ್ಳ ದಾಟಿದೆ. ನೀರು ಚಕ್ರದ ನಡುವಿನ ಹಬ್ ಮಟ್ಟಕ್ಕಿಂತ ತುಸು ಮೇಲಿತ್ತು, ಅಷ್ಟೆ. ಆಚೆಯ ಏರು ಹತ್ತಿ ಇಳಿಜಾರಿಗೆ ತಿರುಗಿ ಬ್ರೇಕ್ ಒತ್ತಿದರೆ ಪೆಡಲ್ ಕಾಲಿಗೆ ಗಟ್ಟಿಯಾಗಿ ಸಿಕ್ಕಿತು, ಗಾಡಿ ಮಾತ್ರ ನಿಲ್ಲಲಿಲ್ಲ. ಚಕ್ರದ ಜೊತೆ ತಿರುಗುವ ಬ್ರೇಕ್ ಡ್ರಮ್ಮಿನೊಳಗೆ ನೀರು ಹೊಕ್ಕರೆ, ಅದನ್ನು ಒತ್ತಿ ಹಿಡಿಯುವ ಲೈನರಿಗೆ ಹಿಡಿತವೇ ಇರುವುದಿಲ್ಲ ಎಂಬುದು ಆಗ ನನಗೆ ಗೊತ್ತಿರಲಿಲ್ಲ. ಪುಣ್ಯಕ್ಕೆ ಗಾಡಿ ತೀರ ನಿಧಾನ ಹೋಗುವ ಲೋ ರೇಂಜಿನ ಮೊದಲ ಗೇರಿನಲ್ಲಿದ್ದೆ. ಎಡಗಡೆಯ ಧರೆಗೆ ಉಜ್ಜಿಸಿ ನಿಲ್ಲಿಸಿದೆ. ಬಲಗಡೆ ಕಾಫಿ ಗಿಡಗಳ ತಲೆ ಕಾಲ ಕೆಳಗೆ ಕಾಣುತ್ತಿತ್ತು.

ಮರುದಿನ ಮೇಸ್ತ್ರಿ ನಾಲ್ಕೂ ಡ್ರಮ್ ಬಿಚ್ಚಿದರು. ಒಳಗೆ ಕೆಮ್ಮಣ್ಣು ರಾಗಿ ಅಂಬಲಿಯ ಹದಕ್ಕೆ ಬಂದು ಮೂಲೆಯಲ್ಲೆಲ್ಲ ಮೆತ್ತಿತ್ತು. ಹಿಂದಿನ ಬಲ ಚಕ್ರದಲ್ಲಿ ಎಣ್ಣೆ ತಡೆಯುವ ಆಕ್ಸಲ್ ಸೀಲು ಹೋಗಿ, ಲೈನರ್ ಎಣ್ಣೆ ಕುಡಿದು ಕಪ್ಪಗೆ ಮಿನುಗುತ್ತಿತ್ತು. ಎಡಗಡೆಯಲ್ಲಿ, ಲೈನರನ್ನು ಡ್ರಮ್ಮಿಗೆ ಒತ್ತುವ ವೀಲ್ ಸಿಲಿಂಡರಿನ ರಬ್ಬರ್ ಬೂಟನ್ನು ಅವರು ಉಗುರಿನಿಂದ ಎತ್ತಿದ ಕೂಡಲೇ ಬ್ರೇಕ್ ಆಯಿಲ್ ತೊಟ್ಟಿಕ್ಕಿತು. ಹಳ್ಳದ ನೀರು ನೆಪ ಮಾತ್ರ. ಹಿಂದಿನ ಬ್ರೇಕು ಹಾಳಾಗಿ ತಿಂಗಳುಗಳೇ ಕಳೆದಿದ್ದವು.

ಆದ್ದರಿಂದ ನಿನ್ನ ಮೊದಲ ಹಣ ಇಲ್ಲಿಗೆ ಹೋಗಲಿ. ನಾಲ್ಕೂ ಚಕ್ರದ ಸಿಲಿಂಡರು, ರಬ್ಬರ್ ಹೋಸುಗಳು, ಹಿಂದಿನ ಸೀಲುಗಳು ಹೊಸದಾಗಲಿ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ, ನಮ್ಮ ಮಳೆಯ ಸೀಮೆಯಲ್ಲಿ ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸು. ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ಚಕ್ರಗಳಿಗೆ ತಳ್ಳುವ ಮಾಸ್ಟರ್ ಸಿಲಿಂಡರ್ ಒಂದೇ ಕೋಣೆಯದೋ ಎರಡು ಕೋಣೆಯದೋ ನೋಡಿಸು. ಒಂದೇ ಕೋಣೆಯದಾದರೆ ಎಲ್ಲೋ ಒಂದು ಕಡೆ ಸೋರಿದರೂ ನಾಲ್ಕು ಚಕ್ರದ ಬ್ರೇಕೂ ಹೋಗುತ್ತದೆ. ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್, ಜೊತೆಗೆ ಕಾಲಿನ ಒತ್ತಿಗೆ ಬಲ ಸೇರಿಸುವ ಬೂಸ್ಟರ್ ಹಾಕಿಸುವ ಮನಸ್ಸಿದ್ದರೆ ನಾನು ಬೇಡ ಎನ್ನುವುದಿಲ್ಲ. ಹಳೆಯ ಜೀಪಿಗೆ ಹೊಸದೇನನ್ನಾದರೂ ಸೇರಿಸಬೇಕೆಂದರೆ ನನ್ನ ಲೆಕ್ಕದಲ್ಲಿ ಅದೇ ಮೊದಲನೆಯದು. ಡ್ರಮ್ಮೇ ಇರಲಿ ಎಂದಾದರೆ, ನೀರು ದಾಟಿದ ಮೇಲೆ ಹಿಡಿತ ಮತ್ತೆ ಸಿಗುವವರೆಗೂ ಬ್ರೇಕನ್ನು ಮೆಲ್ಲಗೆ ಒತ್ತಿಕೊಂಡೇ ಹೋಗು. ಲೈನರ್ ಬಿಸಿಯಾಗಿ ನೀರು ಆರುತ್ತದೆ.

ಇನ್ನು ಟಯರು. ಈ ಗಾಡಿಗೆ ಹೊಂದುವ 6.00-16 ಟಯರಿನ ಎತ್ತರ ಸುಮಾರು 28 ಇಂಚು. 31 ಇಂಚಿನದನ್ನು ಹಾಕಿದರೆ ಗೇರುಗಳೆಲ್ಲ ಹತ್ತು ಪರ್ಸೆಂಟಿನಷ್ಟು ಮೇಲಕ್ಕೆ ಹೋದಂತೆ. ಎರಡನೇ ಗೇರಿನಲ್ಲಿ ಹತ್ತುತ್ತಿದ್ದ ಏರಿಗೆ ಒಂದನೆಯದು ಬೇಕಾಗುತ್ತದೆ. ಮೀಟರು 50 ತೋರಿಸುವಾಗ ನೀನು 55ರಲ್ಲಿರುತ್ತೀಯ. ಭಾರದ ಚಕ್ರವನ್ನು ನಿಲ್ಲಿಸುವ ಕೆಲಸ ಮತ್ತೆ ಅದೇ ಬ್ರೇಕಿನದು. ಮುಂದಿನ ಚಕ್ರ ಎಡಬಲ ತಿರುಗುವ ಕೀಲಿನ ಕಿಂಗ್ ಪಿನ್ ಬೇರಿಂಗು, ಸ್ಟೇರಿಂಗಿನ ಟೈ ರಾಡ್ ಎಂಡು ಸವೆದಿದ್ದರಂತೂ ರಸ್ತೆಯಲ್ಲಿ ಒಂದು ಗುಂಡಿಗೆ ಬಿದ್ದು ಎದ್ದ ಕೂಡಲೇ ಸ್ಟೇರಿಂಗ್ ಕೈಯಲ್ಲಿ ನಿಲ್ಲದ ಹಾಗೆ ನಡುಗುತ್ತದೆ, ಗಾಡಿಯ ವೇಗ ಪೂರ್ತಿ ಇಳಿಯುವವರೆಗೂ ಆ ನಡುಕ ಬಿಡುವುದಿಲ್ಲ. ಮುಂದಿನ ಚಕ್ರವನ್ನು ಜಾಕಿಯಲ್ಲಿ ಎತ್ತಿ, ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲುಗಿಸಿ ನೋಡು. ಟಕ್ ಎಂದು ಆಡಿದರೆ ಟಯರಿನ ಮಾತು ಆಮೇಲೆ. ಕೆಸರಿಗೆ ಒಳ್ಳೆಯ ಹಲ್ಲಿರುವ ಕಿರಿದಾದ ಟಯರೇ ಸಾಕು. ಅದು ಮೇಲಿನ ಲೊಳೆಯನ್ನು ಸೀಳಿಕೊಂಡು ಗಟ್ಟಿ ನೆಲ ಮುಟ್ಟುತ್ತದೆ. ಆಷಾಢದಲ್ಲಿ ನಮ್ಮ ಜೀಪಿನವರು ಚಕ್ರಕ್ಕೆ ಚೈನು ಸುತ್ತಿಕೊಂಡು ಹತ್ತುವ ಏರುಗಳನ್ನು ನೀನೇ ನೋಡಿದ್ದೀಯಲ್ಲ, ಅವರಲ್ಲಿ ಯಾರ ಬಳಿಯೂ 31 ಇಂಚಿನ ಟಯರಿರಲಿಲ್ಲ.

ಇಂಜಿನ್ನಿಗೆ ಟರ್ಬೊ ದಯವಿಟ್ಟು ಬೇಡ. ಈ ಇಂಜಿನ್ನಿನ ರೇಡಿಯೇಟರು, ಪಿಸ್ಟನ್ನು, ಹೆಡ್ ಗ್ಯಾಸ್ಕೆಟ್ಟು ಯಾವುದೂ ಟರ್ಬೊ ತರುವ ಬಿಸಿಗೆ ತಯಾರಾದದ್ದಲ್ಲ. ಇಂಜಿನ್ನಿಗೆ ಬೇಕಾದದ್ದು ಶುದ್ಧ ಡೀಸೆಲ್, ಶುದ್ಧ ಗಾಳಿ, ಹೊತ್ತಿಗೆ ಸರಿಯಾಗಿ ಎಣ್ಣೆ. ಟ್ಯಾಂಕ್ ಇಳಿಸಿ ಒಳಗಿನ ತುಕ್ಕು ತೊಳೆಸು. ಮಳೆಗಾಲದಲ್ಲಿ ಅರ್ಧ ಖಾಲಿ ಟ್ಯಾಂಕಿನಲ್ಲಿ ಗಾಡಿಯನ್ನು ವಾರಗಟ್ಟಲೆ ನಿಲ್ಲಿಸಬೇಡ, ಖಾಲಿ ಜಾಗದ ಗಾಳಿಯಲ್ಲಿರುವ ತೇವ ರಾತ್ರಿಯ ಚಳಿಗೆ ನೀರಾಗಿ ತಳ ಸೇರುತ್ತದೆ. ಡೀಸೆಲ್ ಫಿಲ್ಟರ್ ಬದಲಿಸಿದಾಗ ಪೈಪಿನಲ್ಲಿ ಸೇರಿದ ಗಾಳಿ ಬಿಡಿಸುವುದನ್ನು ನೀನೇ ಕಲಿತುಕೋ. ಸ್ಕ್ರೂ ಸಡಿಲಿಸಿ, ಕೈಪಂಪನ್ನು ಒತ್ತುತ್ತಾ ಇದ್ದರೆ ಮೊದಲು ನೊರೆ ಬರುತ್ತದೆ. ನೊರೆ ನಿಂತು ಡೀಸೆಲ್ ಎಳೆಯಾಗಿ ಹರಿದಾಗ ಬಿಗಿ ಮಾಡು. ಕಾಡಿನ ನಡುವೆ ಗಾಡಿ ನಿಂತಾಗ ಈ ಐದು ನಿಮಿಷದ ಕೆಲಸ ನಿನ್ನನ್ನು ಮನೆ ಮುಟ್ಟಿಸುತ್ತದೆ.

ಬೆಳಗ್ಗೆ ಸ್ಟಾರ್ಟ್ ಆಗಲು ಸತಾಯಿಸಿ, ಬಿಳಿ ಹೊಗೆ ಉಗುಳಿ, ಒಂದೆರಡು ನಿಮಿಷಕ್ಕೆ ಸರಿಹೋಗುತ್ತದೆ ಎಂದು ಬರೆದಿದ್ದೀಯ. ಮೊದಲು ಹೀಟರ್ ಪ್ಲಗ್ಗುಗಳನ್ನು ನೋಡಿಸು. ಈ ಇಂಜಿನ್ನಿನಲ್ಲಿ ಡೀಸೆಲ್ ನೇರವಾಗಿ ಪಿಸ್ಟನ್ ಮೇಲೆ ಬೀಳುವುದಿಲ್ಲ, ಹೆಡ್ಡಿನೊಳಗಿನ ಪುಟ್ಟ ಕೋಣೆಯಲ್ಲಿ ಹೊತ್ತಿಕೊಳ್ಳುತ್ತದೆ. ಪ್ಲಗ್ಗು ಬಿಸಿ ಮಾಡದೆ ಆ ಕೋಣೆ ತಣ್ಣಗಿದ್ದರೆ ಡೀಸೆಲ್ ಉರಿಯದೆ ಬಿಳಿ ಹೊಗೆಯಾಗಿ ಆಚೆ ಬರುತ್ತದೆ. ಪ್ಲಗ್ಗು ಸರಿಯಿದ್ದರೂ ಹೊಗೆ ನಿಲ್ಲದಿದ್ದರೆ ನಾಝಲ್ ಬಿಚ್ಚಿಸಿ ಟೆಸ್ಟರಿಗೆ ಹಾಕಿಸು, ನೀನೂ ಪಕ್ಕದಲ್ಲಿ ನಿಂತು ನೋಡು. ಒಳ್ಳೆಯ ನಾಝಲ್ ಇಬ್ಬನಿಯ ಹಾಗೆ ಸಿಂಪಡಿಸುತ್ತದೆ, ಕೆಟ್ಟದ್ದು ತುದಿಯಲ್ಲಿ ಹನಿ ಕಟ್ಟಿಕೊಳ್ಳುತ್ತದೆ. ಡೀಸೆಲ್ ಪಂಪು, ನಾಝಲ್ ತಯಾರಿಸುವ, 1951ರಲ್ಲಿ ಶುರುವಾದ ಬೆಂಗಳೂರಿನ ಮೈಕೋ ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡಿತು. ಆದರೆ ಪಂಪು ಬಿಚ್ಚುವ ಹಳೆಯ ಮೇಸ್ತ್ರಿಗಳಿಗೆ ಅದು ಈಗಲೂ ಮೈಕೋ. ಅಂಥ ಒಬ್ಬರು ನಿಮ್ಮ ಊರಿನ ಹತ್ತಿರ ಇದ್ದರೆ ಅವರನ್ನು ಬಿಡಬೇಡ. ಪಂಪಿನ ಸೀಲು ಮುರಿದು ಡೀಸೆಲ್ ಜಾಸ್ತಿ ಬಿಟ್ಟುಕೊಡುತ್ತೇನೆ, ಎಳೆತ ಹೆಚ್ಚುತ್ತದೆ ಎನ್ನುವವರ ಹತ್ತಿರ ಮಾತ್ರ ಹೋಗಬೇಡ. ಕಪ್ಪು ಹೊಗೆಯೂ ಇಂಜಿನ್ನಿನ ಬಿಸಿಯೂ ಹೆಚ್ಚುತ್ತವೆ, ಬೇರೇನಿಲ್ಲ.

ಒಂದು ಅಗ್ಗದ ಕೆಲಸವನ್ನು ತಪ್ಪದೆ ಮಾಡಿಸು. ಮುಂದಿನ, ಹಿಂದಿನ ಆಕ್ಸಲಿನ ಗೇರು ಕೂರುವ ಎರಡೂ ಹೌಸಿಂಗಿನ ಬ್ರೀದರಿಗೆ, ಅಂದರೆ ಗಾಳಿಯಾಡುವ ಕಿಂಡಿಗೆ, ರಬ್ಬರ್ ಕೊಳವೆ ಸೇರಿಸಿ, ಬಾಡಿಯ ಎತ್ತರದವರೆಗೆ ತಂದು ಕಟ್ಟಿಸು. ಓಡಿ ಬಿಸಿಯಾದ ಹೌಸಿಂಗು ಹಳ್ಳದ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ನೀರನ್ನೇ ಒಳಕ್ಕೆಳೆಯುತ್ತದೆ. ನಮ್ಮ ಜೀಪಿನ ಹಿಂದಿನ ಹೌಸಿಂಗಿನಿಂದ ಇಳಿಸಿದ ಎಣ್ಣೆ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿತ್ತು. ಅದರಲ್ಲೇ ಓಡಿ ಬೇರಿಂಗು ತುಕ್ಕು ಹಿಡಿದಿತ್ತು. ಅಪ್ಪ ಅಷ್ಟು ವರ್ಷ ಜೋಪಾನ ಮಾಡಿದ್ದ ಕ್ರೌನ್ ಪಿನಿಯನ್ ಗೇರು ಅದು, ನನಗೆ ಆ ದಿನ ಅನ್ನ ಸೇರಲಿಲ್ಲ.

ಬಣ್ಣದ ವಿಚಾರ: ಆಲಿವ್ ಹಸಿರು ಸೇನೆಯ ವಾಹನಗಳಿಗೆ ಮೀಸಲು, ಕೇಂದ್ರ ಮೋಟಾರು ವಾಹನ ನಿಯಮ ಬೇರೆಯವರಿಗೆ ಅದನ್ನು ಬಿಟ್ಟುಕೊಡುವುದಿಲ್ಲ. ಮುಂದಿನ ಕಬ್ಬಿಣದ ಗಾರ್ಡನ್ನು 2017ರಲ್ಲೇ ಸಾರಿಗೆ ಸಚಿವಾಲಯ ನಿಷೇಧಿಸಿದೆ. ಹದಿನೈದು ವರ್ಷ ದಾಟಿದ ಗಾಡಿಯಾದ್ದರಿಂದ ಐದು ವರ್ಷಕ್ಕೊಮ್ಮೆ ಆರ್‌ಟಿಒ ಮುಂದೆ ನಿಲ್ಲಿಸಿ ನೋಂದಣಿ ನವೀಕರಿಸಬೇಕು. ಬ್ರೇಕು, ಇಂಜಿನ್ನು ಏನನ್ನು ಮುಟ್ಟುವುದಾದರೂ ಮೊದಲು ಅಲ್ಲಿ ವಿಚಾರಿಸಿಕೊಂಡೇ ಮುಟ್ಟು.

ಮುಂದಿನ ತಿಂಗಳ ಎರಡನೇ ಶನಿವಾರ ನಾನೇ ಬರುತ್ತೇನೆ. ಹಬ್ ನಟ್ಟಿನ ಪಾನಾ, ಡ್ರಮ್ ಪುಲ್ಲರು ತರುತ್ತೇನೆ. ನೀನು ಎರಡು ಕಿಲೋ ಗ್ರೀಸು, ತೊಳೆಯಲು ಐದು ಲೀಟರ್ ಡೀಸೆಲ್, ಒರೆಸಲು ಒಂದು ಮೂಟೆ ಬನಿಯನ್ ವೇಸ್ಟು ತಂದಿಡು. ಅಲ್ಲಿಯವರೆಗೆ ಘಾಟಿ ಇಳಿಸಬೇಡ. ಅಂಗಳದಲ್ಲಿ ನಿಲ್ಲಿಸುವಾಗಲೂ ಹ್ಯಾಂಡ್‌ಬ್ರೇಕ್ ಒಂದನ್ನೇ ನಂಬದೆ ಚಕ್ರಕ್ಕೆ ಕಲ್ಲು ಕೊಡು. ಮಕ್ಕಳು ಆಡುವ ಜಾಗ ಅದು.

ನಿನ್ನ,
ಹಳೆಯ ಗೆಳೆಯ