ಈ ವಾರದ ನುವಾರ್: ‘ರಾ ಡೀಲ್’

ಗೆಳೆಯರೇ, ನುವಾರ್ ಅಂದರೆ 1940-50ರ ದಶಕಗಳ, ನೆರಳು ತುಂಬಿದ ಹಾಲಿವುಡ್ ಅಪರಾಧ ಚಿತ್ರಗಳು. ಈ ವಾರ ಆಂಥನಿ ಮ್ಯಾನ್ ನಿರ್ದೇಶನದ ‘ರಾ ಡೀಲ್’ (1948) ನೋಡೋಣ. ಇದೇ ಹೆಸರಿನ 1986ರ ಚಿತ್ರವಲ್ಲ. ಬರೀ 79 ನಿಮಿಷ. ಕಥೆ ಹೇಳುವ ದನಿ ಹೆಣ್ಣಿನದು, ನುವಾರ್‌ನಲ್ಲಿ ಅಪರೂಪ. ಆ ದನಿಯ ಹಿಂದೆ ಥೆರೆಮಿನ್ ಎಂಬ, ಮುಟ್ಟದೆಯೇ ನುಡಿಸುವ ಎಲೆಕ್ಟ್ರಾನಿಕ್ ವಾದ್ಯದ ನಡುಕವೂ ಇದೆ.

ಛಾಯಾಗ್ರಾಹಕ ಜಾನ್ ಆಲ್ಟನ್ ಕೆಲವೇ ದೀಪ ಬಳಸಿ ಉಳಿದದ್ದನ್ನು ಕತ್ತಲಿಗೇ ಬಿಡುತ್ತಿದ್ದರು. ಹಾಗಾಗಿ ಕಳಪೆ ಪ್ರತಿಯಲ್ಲಿ ನೋಡಿದರೆ ನೆರಳೆಲ್ಲ ಮಸಿ ಮೆತ್ತಿದಂತಾಗಿ ಮುಖಗಳೇ ಮಾಯ! ಪುನರುಜ್ಜೀವಿತ ಪ್ರತಿಯನ್ನೇ ಹುಡುಕಿ. ಟಿವಿಯಲ್ಲಿ ಮೋಷನ್ ಸ್ಮೂತಿಂಗ್ (ಚಲನೆಯನ್ನು ಕೃತಕವಾಗಿ ನಯಗೊಳಿಸುವ ಸೆಟ್ಟಿಂಗ್) ಆಫ್ ಮಾಡಿ, ಚಿತ್ರವನ್ನು ಅಗಲಕ್ಕೆ ಎಳೆಯಬೇಡಿ. ಹಳೆಯ ಚಿತ್ರದ ಚೌಕಟ್ಟು ಇಂದಿನ ಟಿವಿಯಷ್ಟು ಅಗಲವಿಲ್ಲ, ಅಕ್ಕಪಕ್ಕ ಕಪ್ಪು ಪಟ್ಟಿ ಇರಲೇಬೇಕು. ಬ್ರೈಟ್‌ನೆಸ್ ಏರಿಸಿದರೆ ಕಪ್ಪು ಬೂದು ಬಣ್ಣಕ್ಕೆ ತಿರುಗುತ್ತದೆ, ಕೋಣೆಯ ದೀಪ ಆರಿಸಿದರೆ ಸಾಕು.

ಮುಂದಿನ ವಾರ ‘ದ ನ್ಯಾರೋ ಮಾರ್ಜಿನ್’ (1952). ಅದರಲ್ಲಿ ಹಿನ್ನೆಲೆ ಸಂಗೀತದ ಕೆಲಸವನ್ನು ರೈಲಿನ ಸದ್ದೇ ಮಾಡುತ್ತದೆ, ಹೆಡ್‌ಫೋನ್ ಇಟ್ಟುಕೊಳ್ಳಿ.