ಮೇಷ್ಟ್ರೂ ಬಂದು ಕೂರಲಿ

ಸಂಪಾದಕರೇ,

ಜಗಳವಾಡಿದ ಮಕ್ಕಳನ್ನು ಸಸ್ಪೆಂಡ್ ಮಾಡುವ ಬದಲು ಸುತ್ತ ಕೂರಿಸಿ ಮಾತಾಡಿಸುವ ‘ರೆಸ್ಟೊರೇಟಿವ್ ಸರ್ಕಲ್’ ನಡೆಸುವುದು ನನ್ನ ಕೆಲಸ. ಏನಾಯ್ತು, ಯಾರಿಗೆ ನೋವಾಯ್ತು, ಅದನ್ನು ಸರಿ ಮಾಡಲು ಯಾರು ಏನು ಮಾಡಬೇಕು, ಕೇಳುವುದು ಇಷ್ಟೇ. ಆದರೆ ಅದಕ್ಕೂ ಮುಂಚೆ ಒಬ್ಬೊಬ್ಬರ ಹತ್ತಿರವೂ ಬೇರೆಯಾಗಿ ಕೂತು ಮಾತಾಡಬೇಕು, ಯಾರಿಗಾದರೂ ಬೇಡ ಅನಿಸಿದರೆ ಅಲ್ಲಿಗೇ ನಿಲ್ಲಿಸಬೇಕು. ವಾರಗಟ್ಟಲೆ ಹಿಡಿಯುತ್ತದೆ. ನನ್ನನ್ನು ಕರೆದ ಶಾಲೆ, ಕಂಪನಿಯವರು ಮಾತ್ರ ಶುಕ್ರವಾರದೊಳಗೆ ರಾಜಿಗೆ ಸಹಿ ಹಾಕಿಸಿ ಕೊಡಿ ಅನ್ನುತ್ತಾರೆ.

ಸಮಯದ್ದು ಹೇಗೋ ನಿಭಾಯಿಸಬಹುದು. ನೋವಾಗುವುದು ಬೇರೆ ವಿಷಯಕ್ಕೆ. ಒಂದು ಶಾಲೆಯಲ್ಲಿ ಒಂಬತ್ತನೇ ಕ್ಲಾಸಿನ ಹುಡುಗ ಪಕ್ಕದವನ ನೋಟ್ಸ್ ಹರಿದು ಹಾಕಿದ್ದ. ಎರಡು ದಿನ ಬಾಯೇ ಬಿಡಲಿಲ್ಲ, ಆಮೇಲೆ ಹೇಳಿದ: ‘ಸರ್ ದಿನಾ ನನ್ನ ಮಾರ್ಕ್ಸ್ ಜೋರಾಗಿ ಓದಿ ಎಲ್ಲರನ್ನೂ ನಗಿಸ್ತಾರೆ, ಅವತ್ತು ಇವನೂ ನಕ್ಕ.’ ಹಾಗಾದರೆ ಮೇಷ್ಟ್ರೂ ಬಂದು ಕೂರಬೇಕು ಅಲ್ವಾ? ಕೇಳಿದೆ. ‘ಮಕ್ಕಳದ್ದು ಮಾತ್ರ ನೋಡಿ ಮೇಡಂ’ ಅಂದರು ಶಾಲೆಯವರು. ನನ್ನಂತೆ ಈ ಕೆಲಸ ಮಾಡುವ ಗೆಳತಿಯರು ಸಿಕ್ಕಾಗಲೂ ಇದೇ ಮಾತು. ಕೆಳಗಿನವರನ್ನು ಕೂರಿಸಲು ಎಲ್ಲರೂ ತಯಾರು, ತಾವು ಕೂರಲು ಯಾರೂ ಇಲ್ಲ.

ಕಂಪನಿಗಳಲ್ಲಿ ಇನ್ನೂ ಜಾಸ್ತಿ ಎಚ್ಚರ ಬೇಕು. ಲೈಂಗಿಕ ಕಿರುಕುಳದ ದೂರು ಬಂದಾಗ, ಒಂದು ಸರ್ಕಲ್ ಮಾಡಿ ಮುಗಿಸಿಬಿಡಿ ಅಂತ ನನ್ನನ್ನು ಕರೆದದ್ದಿದೆ. ನಾನು ಒಪ್ಪಲಿಲ್ಲ. 2013ರ ಕಾಯ್ದೆಯ ಪ್ರಕಾರ ರಾಜಿ ಮಾತು ನಡೆಯುವುದು ದೂರು ಕೊಟ್ಟ ಮಹಿಳೆ ಕೇಳಿದರೆ ಮಾತ್ರ, ಅದೂ ವಿಚಾರಣೆ ಶುರುವಾಗುವ ಮುಂಚೆ. ದುಡ್ಡು ಕೊಟ್ಟು ರಾಜಿ ಮಾಡಿಸುವಂತಿಲ್ಲ. ಆಕೆಯನ್ನು ಕೇಳದೇ ನನಗೆ ಫೋನ್ ಮಾಡಿದ್ದೇ ತಪ್ಪು.

ದೊಡ್ಡವರು ಕೂತ ಉದಾಹರಣೆ ಇಲ್ಲದೇ ಇಲ್ಲ. ನ್ಯೂಜಿಲೆಂಡ್‌ನಲ್ಲಿ 1989ರ ಕಾಯ್ದೆಯೇ ತಪ್ಪು ಮಾಡಿದ ಮಕ್ಕಳ ವಿಷಯವನ್ನು ಮನೆಯವರ ಜೊತೆ ಕೂತು ಮಾತಾಡುವ ದಾರಿ ಮಾಡಿತು. 2019ರಲ್ಲಿ, ಆಪರೇಷನ್‌ನಲ್ಲಿ ದೇಹದೊಳಗೆ ಹಾಕಿದ ಬಲೆಯಂಥ ಮೆಶ್‌ನಿಂದ ನರಳಿದ ನೂರಾರು ಜನರ ಕಥೆ ಕೇಳಲು ಅಲ್ಲಿನ ಆರೋಗ್ಯ ಸಚಿವಾಲಯವೇ ಇದೇ ದಾರಿ ಹಿಡಿಯಿತು. ಸರ್ಕಾರಕ್ಕೆ ಸಾಧ್ಯವಾದದ್ದು ಒಂದು ಶಾಲೆಗೆ ಯಾಕೆ ಆಗಬಾರದು?

ಈಗ ಯಾರೇ ಕರೆದರೂ ಮೊದಲೇ ಕೇಳುತ್ತೇನೆ: ಮಾತು ಮೇಷ್ಟ್ರ ಕಡೆಗೋ ಮ್ಯಾನೇಜರ್ ಕಡೆಗೋ ತಿರುಗಿದರೆ ಅವರು ಬಂದು ಕೂರುತ್ತಾರಾ, ಬರೆದು ಕೊಡುತ್ತೀರಾ? ಹೆಚ್ಚಿನವರು ಆಮೇಲೆ ಫೋನ್ ಮಾಡುವುದಿಲ್ಲ. ಕಳೆದ ವರ್ಷ ಒಂದು ಶಾಲೆ ಮಾತ್ರ ಬರೆದು ಕೊಟ್ಟಿತು. ಅಲ್ಲಿ ಹೆಡ್‌ಮೇಡಂ ಏಳನೇ ಕ್ಲಾಸಿನ ಹುಡುಗಿಯ ಎದುರು ನೆಲದ ಮೇಲೆ ಕೂತು, ಪೂರ್ತಿ ಕೇಳಿಸಿಕೊಂಡು, ‘ನಾನು ಅವತ್ತು ಹಾಗೆ ಬೈಯಬಾರದಿತ್ತು’ ಅಂದರು.

- ಒಬ್ಬ ಓದುಗಾರ್ತಿ, ಮೈಸೂರು