ಕಾರಿನ ಮೋನೋಗ್ರಾಂ ತೆಗೆಯಲು ಬ್ಲೇಡ್ ಬೇಡ, ದಾರ ಸಾಕು

ಸಂಪಾದಕರಿಗೆ ನಮಸ್ಕಾರ.

ಆಯುಧಪೂಜೆಗೆ ಮುಂಚೆ ಹಳೆ ಕಾರನ್ನು ಮನೆಯಲ್ಲೇ ಚೆಂದ ಮಾಡುವುದು ಹೇಗೆ ಎಂದು ಕಳೆದ ಭಾನುವಾರ ನಿಮ್ಮ ಪತ್ರಿಕೆಯಲ್ಲಿ ಒಂದು ಪುಟ್ಟ ಬರಹ ಬಂದಿತ್ತು. ಕಾರಿನ ಹಿಂದೆ ಅದರ ಹೆಸರು ತೋರಿಸುವ ಹಳೆ ಬ್ಯಾಡ್ಜ್ ತೆಗೆಯಲು ಅದರ ಮೇಲೆ ಕುದಿಯುವ ನೀರು ಸುರಿದು, ಬ್ಲೇಡಿನಿಂದ ಎಬ್ಬಿಸಿ ಎಂದು ಅದರಲ್ಲಿ ಬರೆದಿದ್ದೀರಿ. ಓದುತ್ತಿದ್ದ ಹಾಗೆ ಕಾಫಿ ಲೋಟ ಕೆಳಗಿಟ್ಟೆ. ದಯವಿಟ್ಟು ಅದನ್ನು ತಿದ್ದಿ. ನಮ್ಮೂರಿನಲ್ಲಿ ಯಾರಾದರೂ ಅದನ್ನು ನಂಬಿ ಮಾಡಿಬಿಟ್ಟಾರು.

ನನ್ನದು 2013ರ ಕೆಂಪು ಆಲ್ಟೊ. ಹೋದ ವರ್ಷ ಫೆಬ್ರವರಿಯಲ್ಲಿ ಡಿಕ್ಕಿಯಿಂದ ಕಾಫಿ ಚೆರಿ ಮೂಟೆ ಇಳಿಸುವಾಗ ಗೋಣಿಯ ಹೊಲಿಗೆ ‘ಟಿ’ ಅಕ್ಷರಕ್ಕೆ ಸಿಕ್ಕಿಕೊಂಡಿತು. ಆಳು ಜೋರಾಗಿ ಎಳೆದ. ಟಿ ಕಿತ್ತು ಬಂತು. ಉಳಿದದ್ದು ಎ, ಎಲ್, ಒ. ನಮ್ಮ ಬೀದಿಯ ಮಕ್ಕಳು ಅದನ್ನು ಕೂಡಿಸಿ ಓದಿ ‘ಆಲೂ ಟೀಚರ್ ಬಂದ್ರು’ ಅಂತ ಕೂಗಲು ಶುರು ಮಾಡಿದರು. 31 ವರ್ಷ ಮಕ್ಕಳ ಕಾಪಿಯಲ್ಲಿ ಬಿಟ್ಟುಹೋದ ಅಕ್ಷರಕ್ಕೆಲ್ಲ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದವಳು ನಾನು. ಈಗ ನನ್ನ ಗಾಡಿಯಲ್ಲೇ ಅಕ್ಷರ ಇಲ್ಲ!

ಮೇ ತಿಂಗಳಲ್ಲಿ ಒಂದು ಗ್ಯಾರೇಜಿಗೆ ಹೋದೆ. ಹೆಸರು ಬೇಡ, ದಿನಾ ಅದೇ ದಾರಿಯಲ್ಲಿ ಓಡಾಡಬೇಕು. ಅಲ್ಲಿನ ಹುಡುಗ ‘ಎರಡು ನಿಮಿಷ ಮೇಡಂ’ ಅಂತ ಕಟ್ಟರ್ ಬ್ಲೇಡನ್ನು ‘ಎ’ ಅಕ್ಷರದ ಅಡಿಗೆ ತೂರಿಸಿದ. ಎರಡು ನಿಮಿಷ ಬೇಕಾಗಲೇ ಇಲ್ಲ. ಬೆರಳುದ್ದ ಗೀರು ಬಿತ್ತು. ಕಾರಿನ ಬಣ್ಣ ನೋಡಲು ಗಟ್ಟಿ ಕಾಣುತ್ತದೆ. ಆದರೆ ಅಡಿಯ ಪ್ರೈಮರ್‌ನಿಂದ ಮೇಲಿನ ಹೊಳಪಿನವರೆಗೆ ಎಲ್ಲ ಪದರ ಸೇರಿದರೂ ಸುಮಾರು 0.1 ಮಿಲಿಮೀಟರ್ ಅಷ್ಟೆ. ಬ್ಲೇಡು ಒಂದು ಸಲ ಜಾರಿದರೆ ತಗಡು ಹೊರಗೆ ಬರುತ್ತದೆ. ಬಯಲುಸೀಮೆಯಾದರೆ ಅದು ಬರೀ ಗೀರು. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ. ಜೂನ್ ಮುಗಿಯುವಷ್ಟರಲ್ಲಿ ಆ ಗೀರಿನೊಳಗೆ ಕಾಫಿ ಗಸಿಯ ಬಣ್ಣದ ತುಕ್ಕು ಕೂತಿತ್ತು. ಅದನ್ನು ಉಜ್ಜಿ ಟಚ್‌ಅಪ್ ಬಣ್ಣ ಹಚ್ಚಿದ್ದು ಬೇರೆ ಕಥೆ. ಅಂದಿನಿಂದ ಈ ಕೆಲಸಕ್ಕೆ ಬೇರೆಯವರನ್ನು ಕರೆಯಬಾರದು ಅಂದುಕೊಂಡೆ.

ಕುದಿಯುವ ನೀರಿನ ವಿಷಯವೂ ಅಷ್ಟೇ. ನಮ್ಮಲ್ಲಿ ಬೆಳಗಿನ ಚಳಿಗೆ ಹಿಂದಿನ ಗಾಜು ಐಸಿನ ಹಾಗೆ ಕೊರೆಯುತ್ತಿರುತ್ತದೆ. ಬ್ಯಾಡ್ಜ್ ಇರುವುದು ಅದರ ಕೆಳಗೇ. ಚೊಂಬಿನಲ್ಲಿ ಸುರಿದ ನೀರು ಗಾಜಿಗೆ ಹಾರಿದರೆ ಗಾಜು ಬಿರುಕು ಬಿಟ್ಟರೂ ಬಿಟ್ಟೀತು.

ಬ್ಯಾಡ್ಜ್ ಬೇಕು ಅಂತ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಕೇಳಿದರೆ ಮುಖ ನೋಡುತ್ತಾರೆ, ‘ಮೋನೋಗ್ರಾಂ’ ಅನ್ನಬೇಕು. ಸಾಮಾನ್ಯವಾಗಿ ಅದು ಪ್ಲಾಸ್ಟಿಕ್, ಮೇಲೆ ತೆಳ್ಳಗೆ ಕ್ರೋಮ್ ಲೇಪ. ಹಿಂದೆ ಎರಡೂ ಕಡೆ ಅಂಟುವ ಫೋಮ್ ಟೇಪು. ಈ ಟೇಪು ಬಿಸಿಗೆ ಮೆತ್ತಗಾಗುತ್ತದೆ. ಮೆತ್ತಗಾದ ಮೇಲೆ ಅದನ್ನು ಕುಯ್ಯಲು ಬ್ಲೇಡ್ ಯಾಕೆ, ದಾರ ಸಾಕಲ್ವಾ?

ಬಿಸಿ ಮಾಡಲು ಹೇರ್ ಡ್ರೈಯರ್ ಬಳಸಿ ಅಂತ ಎಲ್ಲರೂ ಹೇಳುತ್ತಾರೆ. ತಮ್ಮನ ಮಗ ತಂದೂ ಕೊಟ್ಟ. ಆದರೆ ಜುಲೈ ತಿಂಗಳು, ಎಲ್ಲೋ ಮರ ಬಿದ್ದು ಬೆಳಗಿನಿಂದ ಕರೆಂಟ್ ಇಲ್ಲ. ಕೊಡಗಿನಲ್ಲಿ ಮಳೆಗಾಲ ಕಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸುಮ್ನೆ ಕೂತಿದ್ದಾಗ ಸೊಂಟನೋವಿಗೆ ಇಟ್ಟುಕೊಳ್ಳುವ ರಬ್ಬರ್ ಚೀಲ ಕಣ್ಣಿಗೆ ಬಿತ್ತು. ಬಚ್ಚಲ ಹಂಡೆಯ ಬಿಸಿನೀರು ತುಂಬಿಸಿ ಬಿರಡೆ ಬಿಗಿ ಮಾಡಿ, ಅಕ್ಷರಗಳ ಮೇಲೆ ಒತ್ತಿ ಹಿಡಿದೆ. ಐದು ನಿಮಿಷ ಬಿಟ್ಟು ನೀರು ಬದಲಿಸಿ ಇನ್ನೈದು ನಿಮಿಷ. ಒಂದು ಹನಿ ಗಾಜಿಗೆ ತಾಗಲಿಲ್ಲ.

ಅದಕ್ಕೆ ಮುಂಚೆ ಒಂದು ಕೆಲಸ ಮಾಡಿದ್ದೆ. ಅಕ್ಷರಗಳ ಕೆಳಗೆ ಸಾಲಾಗಿ ಮಾಸ್ಕಿಂಗ್ ಟೇಪ್ ಅಂಟಿಸಿ, ಪ್ರತಿ ಅಕ್ಷರ ಎಲ್ಲಿ ಶುರು, ಎಲ್ಲಿ ಮುಗಿಯಿತು ಅಂತ ಪೆನ್ಸಿಲಿನಿಂದ ಗುರುತು ಹಾಕಿದೆ. ಕಪ್ಪು ಹಲಗೆಗೆ ಗೆರೆ ಎಳೆದು ಅಭ್ಯಾಸ. ಫೋನಿನಲ್ಲಿ ಒಂದು ಫೋಟೊ ಕೂಡ ತೆಗೆದುಕೊಂಡೆ. ಇದನ್ನು ಬಿಟ್ಟರೆ ಆಮೇಲೆ ಹೊಸ ಅಕ್ಷರ ಓರೆಯಾಗಿ ಕೂತು, ಹಿಂದೆ ಬರುವ ಗಾಡಿಯವರೆಲ್ಲ ತಲೆ ವಾಲಿಸಿ ಓದಬೇಕಾಗುತ್ತದೆ.

ದಾರಕ್ಕೆ ಮೀನು ಹಿಡಿಯುವ ಗಾಳದ ನೈಲಾನ್ ದಾರ ತಂದೆ. ಮೊಳಕ್ಕಿಂತ ಸ್ವಲ್ಪ ಉದ್ದ. ಬರಿಗೈಯಲ್ಲಿ ಎಳೆದರೆ ಬೆರಳು ಕೊಯ್ಯುತ್ತದೆ, ಅದಕ್ಕೆ ಎರಡೂ ತುದಿಗೆ ಪೆನ್ಸಿಲ್ ತುಂಡು ಕಟ್ಟಿದೆ. ಅಕ್ಷರದ ಮೇಲ್ತುದಿಯಲ್ಲಿ, ಬಣ್ಣಕ್ಕೂ ಪ್ಲಾಸ್ಟಿಕ್ಕಿಗೂ ನಡುವೆ ದಾರ ತೂರಿಸಿ, ಗರಗಸದ ಹಾಗೆ ಆ ಕಡೆ ಈ ಕಡೆ ಎಳೆಯುತ್ತ ಕೆಳಗೆ ಬರಬೇಕು. ಮೊದಲು ಏನೂ ಆಗುವುದಿಲ್ಲ. ಆಮೇಲೆ ಚರಚರ ಅಂತ ಸಣ್ಣ ಸದ್ದು. ಫೋಮ್ ಹರಿಯುವ ಸದ್ದು ಅದು. ‘ಎ’ ಬಿದ್ದಾಗ ಕೆಳಗೆ ಕೈ ಹಿಡಿದಿದ್ದೆ, ಬೆಚ್ಚಗಿನ ಹಲ್ಲಿನ ಹಾಗೆ ಅಂಗೈಗೆ ಬಂತು. ‘ಒ’ ಅಕ್ಷರಕ್ಕೆ ಜಾಸ್ತಿ ಹೊತ್ತು ಹಿಡಿಯಿತು, ಸುತ್ತಲೂ ಟೇಪು ನೋಡಿ.

ಒಂದು ಎಚ್ಚರಿಕೆ. ಕೆಲವು ಗಾಡಿಗಳಲ್ಲಿ ಕಂಪನಿಯ ಗುರುತಿಗೆ ಹಿಂದೆ ಸಣ್ಣ ಕಡ್ಡಿಗಳಿದ್ದು ತಗಡಿನ ತೂತಿನಲ್ಲಿ ಕೂತಿರುತ್ತವೆ. ದಾರ ಒಂದೇ ಕಡೆ ಗಟ್ಟಿಯಾಗಿ ನಿಂತರೆ ಎಳೆಯಬೇಡಿ. ಅಂಥದನ್ನು ತೆಗೆದು ಹಾಗೇ ಬಿಟ್ಟರೆ ಆ ತೂತಿನಿಂದ ಮಳೆನೀರು ಒಳಗೆ ಇಳಿಯುತ್ತದೆ. ಮುಂದಿನ ಗ್ರಿಲ್ಲಿನ ಗುರುತನ್ನು ಎಷ್ಟೋ ಕಾರುಗಳಲ್ಲಿ ಹಿಂದಿನಿಂದ ಕ್ಲಿಪ್ ಹಾಕಿ ಕೂರಿಸಿರುತ್ತಾರೆ, ಅದಕ್ಕೆ ದಾರದ ಆಟ ನಡೆಯುವುದಿಲ್ಲ.

ಉಳಿದ ಅಂಟನ್ನು ಹೆಬ್ಬೆರಳಿನಿಂದ ಉಜ್ಜಿದರೆ ಮೇಣದ ಹಾಗೆ ಉಂಡೆ ಉಂಡೆಯಾಗಿ ಬರುತ್ತದೆ. ಬಾರದ್ದಕ್ಕೆ ಕೊಬ್ಬರಿ ಎಣ್ಣೆ ಹಚ್ಚಿ ಅರ್ಧ ಗಂಟೆ ಬಿಟ್ಟೆ. ನೇಲ್ ಪಾಲಿಶ್ ತೆಗೆಯುವ ದ್ರವ, ಥಿನ್ನರ್ ಇವುಗಳ ಹತ್ತಿರವೂ ಹೋಗಬೇಡಿ, ಅಂಟಿನ ಜೊತೆ ಬಣ್ಣವೂ ಹೋಗುತ್ತದೆ.

ಎಲ್ಲ ಒರೆಸಿದ ಮೇಲೆ ನೋಡಿದರೆ ಗಾಡಿಯ ಮೇಲೆ ‘ಆಲ್ಟೊ’ ಹಾಗೇ ಇದೆ! ‘ಟಿ’ ಕೂಡ ಇದೆ. ವರ್ಷಗಟ್ಟಲೆ ಬಿಸಿಲು ಬಿದ್ದು ಸುತ್ತಲಿನ ಕೆಂಪು ಮಾಸಿತ್ತು, ಅಕ್ಷರದಡಿಯ ಕೆಂಪು ಮಾತ್ರ ಹೊಸದಾಗಿತ್ತು. ಗೋಡೆಯಿಂದ ಹಳೆ ಕ್ಯಾಲೆಂಡರ್ ತೆಗೆದ ಜಾಗ ಇರುತ್ತದಲ್ಲ, ಹಾಗೆ. ಹೆಸರೇ ಬೇಡ, ಬೋಳಾಗಿರಲಿ ಅನ್ನುವವರು ಇದನ್ನು ನೆನಪಿಟ್ಟುಕೊಳ್ಳಿ. ಪಾಲಿಶ್ ಹಾಕಿದರೆ ಸ್ವಲ್ಪ ಮಟ್ಟಿಗೆ ಕಡಿಮೆಯಾಗುತ್ತದೆ. ಹಳೆ ಗಾಡಿಯಲ್ಲಿ ಪೂರ್ತಿ ಹೋಗುವುದು ಕಷ್ಟ.

ಇಷ್ಟೆಲ್ಲ ಸರಿ ಮಾಡಿ, ಅಂಟಿಸುವಾಗ ನಾನೇ ಎಡವಿದೆ. ತೆಗೆದ ದಿನವೇ ಒಣ ಬಟ್ಟೆಯಲ್ಲಿ ಒರೆಸಿ ಹೊಸ ಅಕ್ಷರ ಅಂಟಿಸಿಬಿಟ್ಟೆ. ಹೊರಗೆ ಧೋ ಅಂತ ಮಳೆ, ಪೋರ್ಟಿಕೊ ತುಂಬ ಮಂಜು. ಕೈಗೆ ತಗಡು ಒಣಗಿದ ಹಾಗೇ ಕಂಡಿತ್ತು. ಆಗಸ್ಟ್ ಶುರುವಿನಲ್ಲಿ, ನಮ್ಮ ಕೊಡಗಿನ ಕಕ್ಕಡ ತಿಂಗಳ 18ಕ್ಕೆ ಮದ್ದುಸೊಪ್ಪಿನ ಪಾಯಸ ಮಾಡುವ ಹೊತ್ತಿಗೆ ‘ಎಲ್’ ಒಂದು ಬದಿ ಎದ್ದಿತ್ತು. ಸುಳ್ಯಕ್ಕೆ ಹೋಗಿ ಬಂದ ದಿನ ನೋಡಿದರೆ ‘ಎಲ್’, ‘ಟಿ’ ಎರಡೂ ಇಲ್ಲ. ಸಂಪಾಜೆ ಘಾಟಿಯ ಯಾವುದೋ ತಿರುವಿನಲ್ಲಿ ಬಿದ್ದಿರಬೇಕು. ಮಕ್ಕಳಿಗೆ ಹಬ್ಬ. ‘ಆಲೂ’ ಹೋಗಿ ಬರೀ ‘ಆಒ’ ಉಳಿಯಿತು.

ಅಂಗಡಿಯವನು ಕಳಪೆ ಮಾಲು ಕೊಟ್ಟ ಅಂತ ನಾನೂ ಬೈದೆ. ತಪ್ಪು ಅವನದಲ್ಲ. ಈ ಟೇಪಿಗೆ ತೇವ ಆಗದು, ಚಳಿಯೂ ಆಗದು. ತಗಡಿನ ಬಿಸಿ 10 ಡಿಗ್ರಿಗಿಂತ ಕೆಳಗಿದ್ದರೆ ಇದನ್ನು ಅಂಟಿಸಲೇಬಾರದು, 21 ದಾಟಿದ್ದರೆ ಒಳ್ಳೆಯದು. ಜುಲೈಯಲ್ಲಿ ನಮ್ಮ ಮಡಿಕೇರಿಯ ತಗಡು ಬೆವರುತ್ತಿರುತ್ತದೆ, ಕಣ್ಣಿಗೆ ಕಾಣಿಸುವುದಿಲ್ಲ ಅಷ್ಟೆ. ಸಾಲದ್ದಕ್ಕೆ ನಾನು ಕೊಬ್ಬರಿ ಎಣ್ಣೆಯ ಪಸೆಯನ್ನೂ ಪೂರ್ತಿ ತೆಗೆದಿರಲಿಲ್ಲ.

ಅಕ್ಟೋಬರಿನಲ್ಲಿ ಮಳೆ ಬಿಟ್ಟು ಮೂರು ದಿನ ಸತತ ಬಿಸಿಲು ಬಂತು. ಆವತ್ತು ಹೊಸ ಅಕ್ಷರ ತಂದು ಮತ್ತೆ ಕೂತೆ. ಪಾತ್ರೆ ತೊಳೆಯುವ ಸೋಪಿನಿಂದ ಜಿಡ್ಡು ತೊಳೆದೆ. ಮೆಡಿಕಲ್ ಶಾಪಿನಿಂದ ತಂದ ಐಸೊಪ್ರೊಪೈಲ್ ಆಲ್ಕೋಹಾಲನ್ನು ಅರ್ಧಕ್ಕರ್ಧ ನೀರಿನ ಜೊತೆ ಬೆರೆಸಿ ಒರೆಸಿದೆ. ಗಾಡಿಯನ್ನು ಕಾಫಿ ಒಣಗಿಸುವ ಕಣದಲ್ಲಿ ಎಳೆಬಿಸಿಲಿಗೆ ನಿಲ್ಲಿಸಿ ತಗಡು ಬೆಚ್ಚಗಾದ ಮೇಲೆ, ಪೆನ್ಸಿಲ್ ಗುರುತಿನ ಫೋಟೊ ನೋಡಿ ಒಂದೊಂದೇ ಅಕ್ಷರ ಕೂರಿಸಿದೆ. ಪ್ರತಿ ಅಕ್ಷರವನ್ನೂ ಹೆಬ್ಬೆರಳಿನಲ್ಲಿ ಗಟ್ಟಿಯಾಗಿ ಒತ್ತಿ ಇಪ್ಪತ್ತು ಎಣಿಸಿದೆ. ಈ ಅಂಟು ಹಿಡಿಯುವುದೇ ಒತ್ತಡದಿಂದ. ಪೂರ್ತಿ ಬಲ ಬರಲು 72 ಗಂಟೆ ಬೇಕು, ಹಾಗಾಗಿ ಮೂರು ದಿನ ಗಾಡಿ ತೊಳೆಯಲಿಲ್ಲ. ಪೂಜೆಯ ದಿನ ತೊಳೆದು, ಆ ಸಂಜೆಯೇ ಅಂಟಿಸಿ, ಮರುದಿನ ಮತ್ತೆ ಪೈಪ್ ಹಿಡಿಯುವವರು ಈ ಲೆಕ್ಕ ಇಟ್ಟುಕೊಂಡರೆ ಒಳ್ಳೆಯದು. ಆಮೇಲೆ ಇಡೀ ಒಂದು ಮಳೆಗಾಲ ಕಳೆದಿದೆ, ಒಂದೂ ಅಲುಗಿಲ್ಲ.

ತಮ್ಮನ ಮಗ ಅವತ್ತು ಇನ್ನೊಂದು ಸಲಹೆ ಕೊಟ್ಟ. ಹೇಗೂ ತರುತ್ತೀರಿ, ಪಕ್ಕದಲ್ಲಿ ಮೇಲಿನ ಮಾಡೆಲ್ಲಿನ ಅಕ್ಷರ ಹಾಕಿಬಿಡಿ ಅತ್ತೆ, ಮಾರುವಾಗ ರೇಟು ಬರುತ್ತೆ ಅಂದ. ಕಿವಿ ಹಿಂಡಬೇಕು ಅನ್ನಿಸಿತು. ಇಂಥ ಅಕ್ಷರ ಯಾರು ಬೇಕಾದರೂ ಕೊಂಡು ಅಂಟಿಸಬಹುದು. ಆದ್ದರಿಂದ ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ಡಿಕ್ಕಿಯ ಮೇಲಿನ ಅಕ್ಷರ ನೋಡಿ ರೇಟು ಮಾತಾಡಬೇಡಿ, ಆರ್‌ಸಿ ಕೈಗೆ ತೆಗೆದುಕೊಂಡು ಅದರಲ್ಲಿ ಏನಿದೆ ಓದಿ.

ನಿಮ್ಮ ಪತ್ರಿಕೆಯಲ್ಲಿ ಜಾಗ ಕಡಿಮೆ ಇದ್ದರೆ ಮೇಲಿನ ಕಥೆಯೆಲ್ಲ ಬಿಡಿ. ಬ್ಲೇಡ್ ಬೇಡ, ಕುದಿಯುವ ನೀರು ಬೇಡ, ಬಿಸಿಲು ಬಂದ ಮೇಲೆ ಅಂಟಿಸಿ ಎಂದು ಮೂರು ಸಾಲು ಹಾಕಿ, ಅದೂ ಆಯುಧಪೂಜೆಗೆ ಮುಂಚೆ.

ನನ್ನ ಗಾಡಿಯಲ್ಲಿ ಈಗ ನಾಲ್ಕೂ ಅಕ್ಷರ ಇವೆ. ಬೀದಿಯ ಮಕ್ಕಳು ಮಾತ್ರ ಇನ್ನೂ ‘ಆಲೂ ಟೀಚರ್’ ಅಂತಲೇ ಕರೆಯುತ್ತಾರೆ.

– ಒಬ್ಬ ನಿವೃತ್ತ ಶಿಕ್ಷಕಿ, ಮಡಿಕೇರಿ